ಹರಾಜಿನ ಕಟ್ಟೆಯಲ್ಲಿ ಒಡವೆಯ ವ್ಯಾಪಾರಿ

ಹರಾಜೆಂಬುದು ನಮ್ಮವರಿಗೆ ಹೊಸ ಮಾತಲ್ಲ. ಅಡವಿಟ್ಟು ಬಿಡಿಸಿಕೊಳ್ಳಲಾಗದ ಒಡವೆಗಳೂ ಅಡಕೆಯ ರಾಶಿಗಳೂ ಹರಾಜಿನಲ್ಲಿ ಮಾರಾಟವಾಗುವುದನ್ನು ವಾಚಕರು ಕಂಡೇ ಇದ್ದಾರೆ. ಆದರೆ ಅಲ್ಲಿ ಸರಕು ಕಣ್ಣೆದುರಿಗಿರುತ್ತದೆ. ಸವಾಲು ಕೂಗುವವನು ಅದನ್ನು ಮುಟ್ಟಿ ನೋಡಿದ ಮೇಲೆಯೇ ಬಾಯಿ ತೆರೆಯುತ್ತಾನೆ. ಅಂತರ್ಜಾಲದ ಹರಾಜಿನಲ್ಲಾದರೋ ಸರಕು ಒಂದು ಊರಿನಲ್ಲಿ, ಕೊಳ್ಳುವವನು ಇನ್ನೊಂದು ಖಂಡದಲ್ಲಿ. ಇಬ್ಬರ ನಡುವೆ ಇರುವುದು ಒಂದು ಚಿತ್ರ, ನಾಲ್ಕು ಸಾಲಿನ ವಿವರಣೆ. ಈ ಪದ್ಧತಿಯಿಂದ ಸಣ್ಣ ಒಡವೆ ವ್ಯಾಪಾರಿಗೆ ಆದ ಲಾಭವೇನು, ನಷ್ಟವೇನು ಎಂಬುದನ್ನು ಇಲ್ಲಿ ವಿಚಾರಿಸುವೆವು.

1995ರ ಸೆಪ್ಟೆಂಬರಿನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಪಿಯೆರ್ ಒಮಿಡ್ಯಾರ್ ಎಂಬವರು ಆರಂಭಿಸಿದ ಹರಾಜಿನ ತಾಣವು 1997ರಲ್ಲಿ ಈಬೇ ಎಂಬ ಹೆಸರನ್ನು ಪಡೆಯಿತು. ಪೇಟೆಬೀದಿಯಲ್ಲಿ ಬಾಡಿಗೆ ತೆರಲಾರದ ವ್ಯಾಪಾರಿಯೂ ತನ್ನ ಉಂಗುರವನ್ನು ದೂರದೇಶದ ಗಿರಾಕಿಯ ಮುಂದಿಡುವುದು ಇದರಿಂದ ಸಾಧ್ಯವಾಯಿತು. ಈ ಉಪಕಾರವನ್ನು ಅಲ್ಲಗಳೆಯುವುದು ನ್ಯಾಯವಲ್ಲ.

ಆದರೆ ಒಡವೆಯು ಇತರ ಸರಕುಗಳಂತಲ್ಲ. ಅದರಲ್ಲಿರುವ ಲೋಹಕ್ಕೆ ದಿನದಿನದ ಧಾರಣೆಯುಂಟು. 14 ಕ್ಯಾರಟ್ಟಿನ, 10 ಗ್ರಾಂ ತೂಕದ ಸರದಲ್ಲಿ ಸುಮಾರು 5.8 ಗ್ರಾಂ ಅಪ್ಪಟ ಚಿನ್ನವಿರುತ್ತದೆ. ಸವಾಲುಗಾರರನ್ನು ಆಕರ್ಷಿಸಲೆಂದು ವ್ಯಾಪಾರಿಯು ಅದನ್ನು 99 ಸೆಂಟುಗಳಿಗೆ ಹರಾಜಿಗಿಟ್ಟನೆನ್ನೋಣ. ಆ ದಿನ ಇಬ್ಬರೇ ಸವಾಲುಗಾರರು ಬಂದರೆ ಸರವು ಲೋಹದ ಬೆಲೆಗಿಂತಲೂ ಕಡಮೆಗೆ ಹೋದೀತು. ಆದರೂ ಮಾತಿಗೆ ತಪ್ಪದೆ ಕಳುಹಿಸಿಕೊಡಲೇಬೇಕು. ಅದರ ಮೇಲೆ ತಾಣದ ಕಮಿಷನ್ನು ಬೇರೆ. ಸವಾಲುಗಾರರು ಬರುವರೋ ಇಲ್ಲವೋ ಎಂಬುದು ಕೊನೆಯವರೆಗೂ ತಿಳಿಯದು. ಅಲ್ಲಿ ಹರಾಜು ಗೊತ್ತಾದ ಕ್ಷಣದಲ್ಲಿ ಮುಗಿಯುವುದರಿಂದ ಅನೇಕರು ಕೊನೆಯ ನಿಮಿಷದವರೆಗೆ ಸುಮ್ಮನಿದ್ದು ಆಮೇಲೆ ಸವಾಲು ಹಾಕುತ್ತಾರೆ. ಈ ಸಂಗತಿಯನ್ನು ಆಲ್ವಿನ್ ರಾಥ್ ಮತ್ತು ಆಕ್ಸೆಲ್ ಓಕೆನ್‌ಫೆಲ್ಸ್ ಎಂಬ ಅರ್ಥಶಾಸ್ತ್ರಜ್ಞರು 2002ರಲ್ಲಿ ಪ್ರಕಟವಾದ ಲೇಖನದಲ್ಲಿ ವಿವರಿಸಿದ್ದಾರೆ.

ಇದಕ್ಕಿಂತ ದೊಡ್ಡ ತೊಡಕು ನಂಬಿಕೆಯದು. ಬೆಳ್ಳಗಿರುವುದೆಲ್ಲ ಹಾಲಲ್ಲವೆಂಬುದನ್ನು ಬಲ್ಲ ಗಿರಾಕಿಗೆ ಇಲ್ಲಿ ಒರೆಗಲ್ಲಿಲ್ಲ. ತನ್ನ ಹೆಸರಿನ ನಕಲಿ ಬೆಳ್ಳಿಯ ಒಡವೆಗಳು ಈಬೇಯಲ್ಲಿ ಮಾರಾಟವಾಗುತ್ತಿವೆಯೆಂದು ಟಿಫನಿ ಎಂಬ ಆಭರಣದ ಕಂಪನಿಯು 2004ರಲ್ಲಿ ದಾವೆ ಹೂಡಿತು. ನಕಲಿ ಸರಕು ಇರುವುದೆಂಬ ಸಾಮಾನ್ಯ ತಿಳಿವಳಿಕೆಯಿಂದಲೇ ತಾಣವು ಹೊಣೆಯಾಗದೆಂದು 2010ರಲ್ಲಿ ಮೇಲ್ಮನವಿಯ ನ್ಯಾಯಾಲಯವು ತೀರ್ಪಿತ್ತಿತು. ಕಳ್ಳ ಸರಕಿನ ಅಪಕೀರ್ತಿಯಾದರೋ ಪಕ್ಕದ ಪ್ರಾಮಾಣಿಕನಿಗೂ ತಟ್ಟದೆ ಬಿಡದು. ಗಿರಾಕಿಯು ಎಲ್ಲರನ್ನೂ ಶಂಕಿಸಿ ಸವಾಲನ್ನು ತಗ್ಗಿಸುತ್ತಾನೆ.

ಈ ಶಂಕೆಗೆ ಮದ್ದೆಂದು 1996ರಲ್ಲಿಯೇ ಒಂದು ಏರ್ಪಾಡಾಗಿತ್ತು: ವ್ಯವಹಾರ ಮುಗಿದ ಮೇಲೆ ಕೊಂಡವನೂ ಮಾರಿದವನೂ ಪರಸ್ಪರರ ನಡತೆಯನ್ನು ಕುರಿತು ಬಹಿರಂಗವಾಗಿ ಅಭಿಪ್ರಾಯ ಬರೆಯುವುದು. ಹೀಗೆ ವರ್ಷಗಟ್ಟಲೆ ಕೂಡಿಟ್ಟ ಒಳ್ಳೆಯ ಮಾತುಗಳೇ ಸಣ್ಣ ವ್ಯಾಪಾರಿಯ ಮುಖ್ಯ ಬಂಡವಾಳವಾದುವು. ಆದರೆ ಆ ಬಂಡವಾಳವಿರುವುದು ಯಾರ ಪೆಟ್ಟಿಗೆಯಲ್ಲಿ? ಸೇಡಿನ ಅಭಿಪ್ರಾಯಕ್ಕೆ ಗಿರಾಕಿಗಳು ಹೆದರುವರೆಂಬ ಕಾರಣದಿಂದ 2008ರಲ್ಲಿ ನಿಯಮವು ಬದಲಾಗಿ, ಮಾರುವವನು ಕೊಳ್ಳುವವನನ್ನು ಕುರಿತು ಪ್ರತಿಕೂಲವಾಗಿ ಬರೆಯುವ ಹಕ್ಕು ಹೋಯಿತು. ಅದೇ ವರ್ಷ ಮಾರಾಟದ ಮೇಲಿನ ಕಮಿಷನ್ನೂ ಏರಲು, ಅನೇಕ ವ್ಯಾಪಾರಿಗಳು ಫೆಬ್ರವರಿಯಲ್ಲಿ ಒಂದು ವಾರ ಬಹಿಷ್ಕಾರ ಹೂಡಿದರು.

ನಮ್ಮ ದೇಶದ ಅನುಭವವೂ ಭಿನ್ನವಲ್ಲ. ಬಾಜೀ ಎಂಬ ಭಾರತೀಯ ಹರಾಜು ತಾಣವನ್ನು ಈಬೇ 2004ರಲ್ಲಿ ಕೊಂಡಿತು. ಅದರ ಭಾರತದ ವ್ಯವಹಾರವು 2017ರಲ್ಲಿ ಬೆಂಗಳೂರಿನ ಫ್ಲಿಪ್‌ಕಾರ್ಟಿನ ಪಾಲಾಯಿತು. 2018ರ ಆಗಸ್ಟ್ 14ರಂದು ಅಲ್ಲಿ ಕೊಡುಕೊಳ್ಳುವಿಕೆ ನಿಂತಿತು. ಆ ಕಟ್ಟೆಯಲ್ಲಿ ಗಿರಾಕಿಗಳನ್ನು ಸಂಪಾದಿಸಿದ್ದವರು ಬೇರೆ ಕಟ್ಟೆಯನ್ನು ಹುಡುಕಿಕೊಳ್ಳಬೇಕಾಯಿತು.

ಲೋಹದ ಪ್ರಾಮಾಣ್ಯಕ್ಕಾದರೂ ಇಂದು ಆಧಾರ ದೊರೆತಿದೆ. 2021ರ ಜೂನ್ 16ರಿಂದ ಚಿನ್ನದ ಒಡವೆಗಳಿಗೆ ಹಾಲ್‌ಮಾರ್ಕು ಹಂತಹಂತವಾಗಿ ಕಡ್ಡಾಯವಾಗಿದ್ದು, ಆರು ಅಕ್ಷರಾಂಕಿಗಳ ಗುರುತು ಒಡವೆಯ ಮೇಲೆಯೇ ಇರುತ್ತದೆ. ಅದನ್ನು ಯಾರು ಬೇಕಾದರೂ ಪರೀಕ್ಷಿಸಿ ನೋಡಬಹುದು. ಅದು ಯಾವ ಅಂಗಡಿಗೆ ಹೋದರೂ ಒಡವೆಯೊಡನೆಯೇ ಹೋಗುತ್ತದೆ. ಆದರೆ ವ್ಯಾಪಾರಿಯ ಪ್ರಾಮಾಣಿಕತೆಗೆ ಅಂತಹ ಮುದ್ರೆಯಿಲ್ಲ. ಕಟ್ಟೆಯನ್ನು ಬಿಟ್ಟೊಡನೆ ಅವನು ಮತ್ತೆ ಅಪರಿಚಿತನೇ.

ಐರೋಪ್ಯ ಒಕ್ಕೂಟದಲ್ಲಿ 2020ರ ಜುಲೈ 12ರಿಂದ ನಡೆದುಬಂದಿರುವ ನಿಯಮದಂತೆ, ತಾಣವು ವ್ಯಾಪಾರಿಯನ್ನು ಪೂರ್ತಿಯಾಗಿ ಹೊರಹಾಕುವ ಮುನ್ನ ಸಾಮಾನ್ಯವಾಗಿ 30 ದಿನ ಮೊದಲೇ ಕಾರಣವನ್ನು ತಿಳಿಸತಕ್ಕದ್ದು. ಕರಾರನ್ನು ಬದಲಿಸುವುದಾದರೆ 15 ದಿನಗಳಿಗೆ ಕಡಮೆಯಿಲ್ಲದ ಮುನ್ಸೂಚನೆ ಕೊಡತಕ್ಕದ್ದು. ನಮ್ಮಲ್ಲಿ 2020ರ ಇ-ವಾಣಿಜ್ಯ ನಿಯಮಗಳು ಹುಟ್ಟಿದ್ದು ಗ್ರಾಹಕನ ರಕ್ಷಣೆಗಾಗಿ. ಅದು ಯೋಗ್ಯವೇ ಸರಿ. ಅದರ ಜತೆಗೆ ಸಣ್ಣ ವ್ಯಾಪಾರಿಗೂ ಮುನ್ಸೂಚನೆಯ ಹಕ್ಕೂ, ತಾನು ಸಂಪಾದಿಸಿದ ಅಭಿಪ್ರಾಯಗಳ ದೃಢೀಕೃತ ಪ್ರತಿಯನ್ನು ಕೊಂಡೊಯ್ಯುವ ಹಕ್ಕೂ ದೊರೆಯಬೇಕೆಂಬುದು ನಮ್ಮ ಅಭಿಪ್ರಾಯ. ಅಲ್ಲಿಯವರೆಗೆ ವ್ಯಾಪಾರಿಗಳು ಲೋಹದ ಬೆಲೆಗಿಂತ ಕೆಳಗೆ ಹರಾಜನ್ನು ತೆರೆಯದಿರಲಿ. ತೂಕ, ಕ್ಯಾರಟ್ಟು, ಕಲ್ಲಿನ ಕುಂದುಗಳನ್ನು ಮುಚ್ಚುಮರೆಯಿಲ್ಲದೆ ಬರೆಯಲಿ. ಪರರ ಕಟ್ಟೆಯಲ್ಲಿ ಮಾರಿದರೂ ತಮ್ಮ ವ್ಯವಹಾರದ ಲೆಕ್ಕವನ್ನು ತಮ್ಮ ಖಾತೆಪುಸ್ತಕದಲ್ಲಿಯೂ ಬರೆದಿಟ್ಟುಕೊಳ್ಳಲಿ.