ನಿಮಗಿದು ಗೊತ್ತೇ? ಯೂನಿವರ್ಸಲ್ ಸ್ಟುಡಿಯೊದಲ್ಲಿ ಯಾವುದು ಗಟ್ಟಿ, ಯಾವುದು ಜೊಳ್ಳು

ಮಗನ ಮನೆಗೋ ಮಗಳ ಮನೆಗೋ ಎಂದು ಕ್ಯಾಲಿಫೋರ್ನಿಯಕ್ಕೆ ಹೋದ ಅಪ್ಪ ಅಮ್ಮಂದಿರನ್ನು ಒಂದು ದಿನ ಯೂನಿವರ್ಸಲ್ ಸ್ಟುಡಿಯೊಗೆ ಕರೆದುಕೊಂಡು ಹೋಗುವುದು ಈಗ ವಾಡಿಕೆಯೇ ಆಗಿದೆ. ಟಿಕೆಟ್ ದುಬಾರಿ, ಕ್ಯೂ ಉದ್ದ, ಇರುವುದು ಒಂದೇ ದಿನ. ಯಾವುದಕ್ಕೆ ಕಾದು ನಿಲ್ಲಬೇಕು? ಯಾವುದನ್ನು ಬಿಟ್ಟರೂ ನಷ್ಟವಿಲ್ಲ? ಒಂದೊಂದು ಸಂಗತಿ, ಅದರ ಬೆನ್ನಿಗೇ ನನ್ನ ತೀರ್ಪು. ನನ್ನ ಅಳತೆಗೋಲು ಒಂದೇ: ಕಣ್ಣೆದುರಿಗೆ ನಿಜವಾದ ವಸ್ತು ಇದೆಯೋ, ಬರೀ ಪರದೆ ಇದೆಯೋ.

ಕೋಳಿ ಸಾಕುತ್ತಿದ್ದ ಜಾಗ, 25 ಸೆಂಟ್ ಟಿಕೆಟ್

ಜರ್ಮನಿಯಿಂದ ವಲಸೆ ಬಂದು ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದ ಕಾರ್ಲ್ ಲೆಮ್ಲಿ, ಲಾಸ್ ಏಂಜಲಿಸ್ ಹೊರವಲಯದಲ್ಲಿ ಕೋಳಿ ಸಾಕುತ್ತಿದ್ದ 230 ಎಕರೆ ಜಾಗ ಕೊಂಡು, 1915ರ ಮಾರ್ಚ್ 15ರಂದು ಯೂನಿವರ್ಸಲ್ ಸಿಟಿಯ ಬಾಗಿಲು ತೆರೆದರು. 25 ಸೆಂಟ್ ಕೊಟ್ಟವರು ಮೆಟ್ಟಿಲಿನಂಥ ಬೆಂಚುಗಳ ಮೇಲೆ ಕೂತು ಮೂಕಿ ಚಿತ್ರಗಳ ಶೂಟಿಂಗ್ ನೋಡಬಹುದಿತ್ತು. ಜೊತೆಗೆ ಊಟದ ಪೊಟ್ಟಣವೂ ಸಿಗುತ್ತಿತ್ತು. ನಾಯಕನಿಗೆ ಚಪ್ಪಾಳೆ ತಟ್ಟಿದರೂ ಖಳನಿಗೆ ಕೂಗಿ ಬೈದರೂ ಅಡ್ಡಿಯಿರಲಿಲ್ಲ, ಚಿತ್ರಕ್ಕೆ ಧ್ವನಿಯೇ ಇರಲಿಲ್ಲವಲ್ಲ! ಟಾಕಿ ಬಂದಿತು, ಸೆಟ್ಟಿನಲ್ಲಿ ಸದ್ದು ಮಾಡುವಂತಿಲ್ಲ ಎಂದಾಯಿತು, ಪ್ರೇಕ್ಷಕರಿಗೆ ಬಾಗಿಲು ಮುಚ್ಚಿತು.

ಮತ್ತೆ ಬಾಗಿಲು ತೆರೆದದ್ದು 1964ರಲ್ಲಿ

ಆ ವರ್ಷದ ಜುಲೈ 15ರಂದು ಗುಲಾಬಿ ಮತ್ತು ಬಿಳಿ ಪಟ್ಟೆಗಳ ಟ್ರ್ಯಾಮ್‌ಗಳು ಸ್ಟುಡಿಯೊದೊಳಗೆ ಓಡಾಡತೊಡಗಿದವು. ಅದೇ ಇಂದಿನ 'ಸ್ಟುಡಿಯೊ ಟೂರ್'. ಈಗಲೂ ಅಲ್ಲಿ ಸಿನಿಮಾ, ಟಿವಿ ಶೂಟಿಂಗ್ ನಡೆಯುತ್ತಲೇ ಇರುತ್ತದೆ. ಎತ್ತಿ ಕುಕ್ಕುವುದಿಲ್ಲ, ತಲೆಕೆಳಗು ಮಾಡುವುದಿಲ್ಲ, ಸುಮಾರು ಒಂದು ಗಂಟೆ ಆರಾಮವಾಗಿ ಕೂತು ಬರಬಹುದು. ಮಂಡಿನೋವಿನ ಅಜ್ಜಿಗೂ ಹತ್ತು ವರ್ಷದ ಮೊಮ್ಮಗನಿಗೂ ಒಟ್ಟಿಗೆ ಹಿಡಿಸುವ ಸವಾರಿ ಇದು. ಇಡೀ ಉದ್ಯಾನದಲ್ಲಿ ಮೊದಲ ಸ್ಥಾನ ಇದಕ್ಕೇ.

ಪ್ರತಿದಿನ 8.3 ತೀವ್ರತೆಯ ಭೂಕಂಪ

1989ರಲ್ಲಿ ಟೂರ್‌ಗೆ ಸೇರಿದ 'ಅರ್ತ್‌ಕ್ವೇಕ್' ದೃಶ್ಯ ಇದು. ಟ್ರ್ಯಾಮ್ ಒಂದು ನೆಲಮಾಳಿಗೆಯ ರೈಲು ನಿಲ್ದಾಣದೊಳಗೆ ಬಂದು ನಿಲ್ಲುತ್ತದೆ. ದೀಪ ಮಿಣುಕುತ್ತದೆ, ಕೂತ ಸೀಟು ಅಲುಗುತ್ತದೆ, ಕಂಬಗಳು ವಾಲುತ್ತವೆ. ತಲೆಯ ಮೇಲಿನ ರಸ್ತೆ ಕುಸಿದು, ಅದರ ಮೇಲಿದ್ದ ಟ್ಯಾಂಕರ್ ಜಾರಿ ಇಳಿದು ಹೊತ್ತಿಕೊಳ್ಳುತ್ತದೆ. ಅದರ ಬಿಸಿ ಕೆನ್ನೆಗೆ ತಾಗುತ್ತದೆ. ಎದುರಿನ ಹಳಿಯಲ್ಲಿ ರೈಲು ನುಗ್ಗಿ ಬರುತ್ತದೆ, ಮೆಟ್ಟಿಲುಗಳ ಮೇಲಿಂದ ನೀರು ಧುಮ್ಮಿಕ್ಕುತ್ತದೆ. ಎಲ್ಲರೂ ಕಿರುಚಿ ಮುಗಿಸಿದ ಮೇಲೆ, ಟ್ರ್ಯಾಮ್ ಹೊರಡುವಾಗ ಒಮ್ಮೆ ಹಿಂದಿರುಗಿ ನೋಡಿ. ಬಿದ್ದ ರಸ್ತೆ ಮೇಲೇಳುತ್ತದೆ, ಟ್ಯಾಂಕರ್ ತನ್ನ ಜಾಗಕ್ಕೆ ಹೋಗುತ್ತದೆ, ನೀರು ಇಂಗಿ ಹೋಗುತ್ತದೆ. ಮುಂದಿನ ಟ್ರ್ಯಾಮ್‌ಗಾಗಿ ನಿಲ್ದಾಣ ಮತ್ತೆ ಸಜ್ಜು. ನನಗೆ ಭೂಕಂಪಕ್ಕಿಂತ ಈ ಮರುಜೋಡಣೆಯೇ ಹೆಚ್ಚು ಬೆರಗು. ಹಳೆಯದಾಯಿತು ಎಂದು ಇದನ್ನು ಎಂದೂ ತೆಗೆಯಬಾರದು.

'ಸೈಕೊ' ಮನೆಗೆ ಇದ್ದದ್ದು ಎರಡೇ ಗೋಡೆ

ಆಲ್ಫ್ರೆಡ್ ಹಿಚ್‌ಕಾಕ್ ಅವರ 1960ರ 'ಸೈಕೊ' ಚಿತ್ರದ ಆ ಭಯಾನಕ ಮನೆ ಟೂರ್ ದಾರಿಯ ಗುಡ್ಡದ ಮೇಲಿದೆ. ಚಿತ್ರಕ್ಕೆಂದು ಕಟ್ಟಿದಾಗ ಕ್ಯಾಮೆರಾಕ್ಕೆ ಕಾಣುವ ಎರಡು ಬದಿ ಮಾತ್ರ ಇದ್ದವು. ಇನ್ನೊಂದು ಸ್ವಾರಸ್ಯ: ಆ ಚಿತ್ರವನ್ನು ಬಿಡುಗಡೆ ಮಾಡಿದ ಸಂಸ್ಥೆ ಪ್ಯಾರಮೌಂಟ್, ಶೂಟಿಂಗ್ ನಡೆದದ್ದು ಮಾತ್ರ ಈ ಆವರಣದಲ್ಲಿ. ಚಿತ್ರದ ಪಾತ್ರ ನಾರ್ಮನ್ ಬೇಟ್ಸ್‌ನ ವೇಷ ತೊಟ್ಟ ನಟ ಚಾಕು ಹಿಡಿದು ಟ್ರ್ಯಾಮ್ ಕಡೆಗೆ ನಡೆದು ಬರುತ್ತಾನೆ. ಸದ್ದಿಲ್ಲ, ಸ್ಫೋಟವಿಲ್ಲ, ಒಬ್ಬ ಮನುಷ್ಯ ನಡೆದು ಬರುವುದಷ್ಟೇ. ಆದರೂ ಎದೆ ಝಲ್ ಎನ್ನುತ್ತದೆ. ಪೂರ್ತಿ ಅಂಕ.

ಶಾರ್ಕ್‌ಗೆ ವಕೀಲರ ಹೆಸರು

1975ರ 'ಜಾಸ್' ಚಿತ್ರದ ಯಂತ್ರಶಾರ್ಕ್‌ಗೆ ಚಿತ್ರತಂಡ ಇಟ್ಟ ಅಡ್ಡಹೆಸರು 'ಬ್ರೂಸ್'. ಅದು ನಿರ್ದೇಶಕ ಸ್ಟೀವನ್ ಸ್ಪೀಲ್‌ಬರ್ಗ್ ಅವರ ವಕೀಲರ ಹೆಸರು! ಉಪ್ಪುನೀರಿಗೆ ಯಂತ್ರ ಪದೇ ಪದೇ ಕೆಟ್ಟದ್ದರಿಂದ ಶಾರ್ಕನ್ನು ಆದಷ್ಟು ಕಡಿಮೆ ತೋರಿಸಬೇಕಾಯಿತು. ಕಾಣದ ಶಾರ್ಕೇ ಜನರನ್ನು ಹೆಚ್ಚು ಹೆದರಿಸಿತು. 1976ರಿಂದ ಟೂರ್‌ನಲ್ಲಿ ಒಂದು ಶಾರ್ಕ್ ನೀರಿನಿಂದ ಎದ್ದು ಬಾಯಿ ತೆರೆಯುತ್ತಿದೆ. ಈಗಿನ ಮಕ್ಕಳಿಗೆ ಅದು ಬೊಂಬೆ ಎಂದು ತಕ್ಷಣ ಗೊತ್ತಾಗುತ್ತದೆ. ಇರಲಿ, ನೀರು ಕುದಿದ ಹಾಗೆ ಉಕ್ಕುವ ಆ ಒಂದು ಕ್ಷಣ ಇಂದಿಗೂ ಸೊಗಸು.

ನಿಜವಾದ ವಿಮಾನ

ಸ್ಪೀಲ್‌ಬರ್ಗ್ ಅವರ 'ವಾರ್ ಆಫ್ ದ ವರ್ಲ್ಡ್ಸ್' (2005) ಚಿತ್ರದ ವಿಮಾನ ಅಪಘಾತದ ಸೆಟ್ಟಿಗೆ ಸೇವೆಯಿಂದ ನಿವೃತ್ತಿಯಾದ ಅಸಲಿ ಬೋಯಿಂಗ್ 747 ಅನ್ನೇ ಕೊಂಡು, ಕತ್ತರಿಸಿ, ಹರಡಿದರು. ಟ್ರ್ಯಾಮ್ ಆ ಚೂರುಗಳ ನಡುವೆಯೇ ಸಾಗುತ್ತದೆ. ಹರಿದ ಸೀಟುಗಳನ್ನೂ ಬಗ್ಗಿದ ಲೋಹವನ್ನೂ ಅಷ್ಟು ಹತ್ತಿರದಿಂದ ಕಂಡಾಗ ಟ್ರ್ಯಾಮಿನಲ್ಲಿ ಮಾತೇ ನಿಂತುಹೋಗುತ್ತದೆ. ಟೂರ್‌ನ ಅತ್ಯಂತ ಗಂಭೀರ ತಾಣ ಇದು.

ಬಾಳೆಹಣ್ಣಿನ ವಾಸನೆಯ ಕಿಂಗ್ ಕಾಂಗ್

1986ರಲ್ಲಿ ಟೂರ್‌ಗೆ ಬಂದ ಯಂತ್ರ ಕಿಂಗ್ ಕಾಂಗ್ ಸುಮಾರು 30 ಅಡಿ ಎತ್ತರವಿತ್ತು. ಅದನ್ನು ರೂಪಿಸಿದವರು ಡಿಸ್ನಿಲ್ಯಾಂಡ್‌ನ ಹಲವು ವಾಹನಗಳನ್ನು ವಿನ್ಯಾಸ ಮಾಡಿದ್ದ ಬಾಬ್ ಗರ್. ಅದು ಬಾಯಿ ತೆರೆದರೆ ಬಾಳೆಹಣ್ಣಿನ ವಾಸನೆ ಮುಖಕ್ಕೆ ರಾಚುತ್ತಿತ್ತು! 2008ರ ಜೂನ್ 1ರ ಬೆಂಕಿಯಲ್ಲಿ ಅದು ಸುಟ್ಟುಹೋಯಿತು. 2010ರಲ್ಲಿ ನಿರ್ದೇಶಕ ಪೀಟರ್ ಜಾಕ್ಸನ್ ಅವರ ನೆರವಿನಿಂದ ಎರಡೂ ಬದಿಗೆ ಬಾಗಿದ ಪರದೆ ಕಟ್ಟಿ, ತ್ರೀಡಿ ಕನ್ನಡಕದ ಹೊಸ ಕಾಂಗ್ ತಂದರು. ಟ್ರ್ಯಾಮ್ ಅಲುಗಾಡುವುದು ಚೆನ್ನಾಗಿದೆ, ಚಿತ್ರವೂ ಚುರುಕು. ಆದರೂ ಪರದೆಯ ಗೊರಿಲ್ಲಾಕ್ಕೆ ಆ ಉಸಿರು ಬರಲಿಲ್ಲ. ಹಳೆಯದೇ ಮೇಲು.

ಬಿಡುಗಡೆಯ ದಿನವೇ ಪ್ರವಾಸಿ ತಾಣ

ಜೋರ್ಡನ್ ಪೀಲ್ ಅವರ 'ನೋಪ್' ಚಿತ್ರ ತೆರೆಕಂಡದ್ದು 2022ರ ಜುಲೈ 22ರಂದು. ಚಿತ್ರದಲ್ಲಿ ಬರುವ 'ಜೂಪಿಟರ್ಸ್ ಕ್ಲೇಮ್' ಸೆಟ್ ಅದೇ ದಿನ ಟೂರ್ ಸೇರಿತು. ಶೂಟಿಂಗ್ ಮುಗಿದ ಸೆಟ್‌ಗಳನ್ನು ಒಡೆದು ಹಾಕುವ ಬದಲು ಹೀಗೆ ಉಳಿಸಿಕೊಳ್ಳುವುದು ಎಲ್ಲ ಸ್ಟುಡಿಯೊಗಳೂ ಕಲಿಯಬೇಕಾದ ಪಾಠ.

ಸೋತ ಸಿನಿಮಾ, ಗೆದ್ದ ಷೋ

ಕೆವಿನ್ ಕಾಸ್ಟ್ನರ್ ನಟಿಸಿದ 'ವಾಟರ್‌ವರ್ಲ್ಡ್' 1995ರಲ್ಲಿ ಸುಮಾರು 17.5 ಕೋಟಿ ಡಾಲರ್ ನುಂಗಿ, ಆವರೆಗಿನ ಅತಿ ದುಬಾರಿ ಚಿತ್ರ ಎನಿಸಿಕೊಂಡಿತು. ಅಮೆರಿಕದ ಚಿತ್ರಮಂದಿರಗಳಲ್ಲಿ ಹಾಕಿದ ದುಡ್ಡಿನ ಹತ್ತಿರಕ್ಕೂ ಬರಲಿಲ್ಲ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಇಲ್ಲಿ ಶುರುವಾದ ಅದರ ಸ್ಟಂಟ್ ಷೋ ಮಾತ್ರ ದಶಕಗಳ ಕಾಲ ಓಡಿದೆ. ಜಪಾನ್, ಸಿಂಗಪುರ, ಬೀಜಿಂಗ್‌ನ ಯೂನಿವರ್ಸಲ್ ಉದ್ಯಾನಗಳಿಗೂ ಹಬ್ಬಿದೆ.

ತುಕ್ಕು ಹಿಡಿದ ತಗಡು, ಪೀಪಾಯಿ, ಹಗ್ಗಗಳಿಂದ ಕಟ್ಟಿದಂತೆ ಕಾಣುವ ತೇಲುಕೋಟೆ, ಅದರ ಸುತ್ತ ಕೊಳ. ಆಟ ಶುರುವಾಗುವ ಮುನ್ನವೇ ನಟರು ಬಕೆಟ್ಟಿನಲ್ಲಿ ನೀರೆತ್ತಿ ಜನರ ಮೇಲೆ ಎರಚುತ್ತಾರೆ. ಜೆಟ್ ಸ್ಕೀಗಳು ಗಕ್ಕನೆ ತಿರುಗಿದಾಗ ಎದ್ದ ನೀರಿನ ಗೋಡೆ ಮುಂದಿನ ಸಾಲುಗಳನ್ನು ತೋಯಿಸುತ್ತದೆ. ಗೋಪುರದ ತುದಿಯಿಂದ ಒಬ್ಬ ಮೈಗೆ ಬೆಂಕಿ ಹತ್ತಿಕೊಂಡೇ ನೀರಿಗೆ ಬೀಳುತ್ತಾನೆ. ಕೊನೆಗೆ ಗೋಡೆಯಾಚೆಯಿಂದ ವಿಮಾನವೊಂದು ನುಗ್ಗಿ ಬಂದು ಕೊಳಕ್ಕೆ ಅಪ್ಪಳಿಸುತ್ತದೆ. ಇದರಲ್ಲಿ ಪರದೆ ಎಂಬುದೇ ಇಲ್ಲ. ಬೀಳುವವರು, ಈಜುವವರು, ಹೊಡೆದಾಡುವವರು ಎಲ್ಲರೂ ಮೂಳೆ ಮಾಂಸದ ಮನುಷ್ಯರು, ಅದೂ ದಿನಕ್ಕೆ ಹಲವು ಬಾರಿ. ಏನನ್ನು ಬಿಟ್ಟರೂ ಇದನ್ನು ಬಿಡಬೇಡಿ. ಚಿಕ್ಕ ಮಕ್ಕಳಿದ್ದರೆ ಹಿಂದಿನ ಸಾಲಿನಲ್ಲಿ ಕೂರಿ, ಫೋನು ನೀರು ಹೋಗದ ಚೀಲದಲ್ಲಿರಲಿ.

84 ಅಡಿ ಜಾರುವ ದೋಣಿ

'ಜುರಾಸಿಕ್ ಪಾರ್ಕ್' ರೈಡ್ 1996ರ ಜೂನ್ 21ರಂದು ತೆರೆಯಿತು. 2019ರಲ್ಲಿ 'ಜುರಾಸಿಕ್ ವರ್ಲ್ಡ್' ಆಗಿ ಹೊಸ ರೂಪ ಪಡೆಯಿತು. ಆರಂಭದಲ್ಲಿ ಗಾಜಿನಾಚೆ ಈಜುವಂತೆ ತೋರುವ ಮೊಸಸಾರಸ್ ಪರದೆಯ ಮಾಯೆ, ಆದರೂ ಮೆಚ್ಚಬೇಕು. ಕೊನೆಯಲ್ಲಿ ಎದುರಾಗುವ ದೈತ್ಯ ಯಂತ್ರ ಡೈನೊಸಾರ್‌ಗಳು, ಅದರ ಬೆನ್ನಿಗೇ 84 ಅಡಿ ಎತ್ತರದಿಂದ ದೋಣಿ ಧುಮುಕುವುದು ಅಪ್ಪಟ ರೋಮಾಂಚನ. ಮಧ್ಯಾಹ್ನದ ಬಿಸಿಲಿಗೆ ಹೇಳಿ ಮಾಡಿಸಿದ್ದು.

ಆಯಸ್ಕಾಂತ ತಳ್ಳುವ ಗಾಡಿ

'ರಿವೆಂಜ್ ಆಫ್ ದ ಮಮ್ಮಿ' (2004) ಕತ್ತಲಲ್ಲಿ ಓಡುವ ರೋಲರ್ ಕೋಸ್ಟರ್. ಸರಪಳಿ ಎಳೆದು ಮೇಲಕ್ಕೊಯ್ಯುವ ಹಳೆಯ ಪದ್ಧತಿ ಇಲ್ಲಿಲ್ಲ, ವಿದ್ಯುತ್ಕಾಂತ ಶಕ್ತಿ ಗಾಡಿಯನ್ನು ಒಮ್ಮೆಗೇ ಚಿಮ್ಮಿಸುತ್ತದೆ. ನಡುವೆ ಹಿಮ್ಮುಖವಾಗಿಯೂ ಓಡುತ್ತದೆ. ದೂರು ಒಂದೇ: ರುಚಿ ಹತ್ತುವಷ್ಟರಲ್ಲಿ ಮುಗಿದುಹೋಗುತ್ತದೆ. ಕ್ಯೂ ಅರ್ಧ ಗಂಟೆ ಮೀರಿದರೆ ಮುಂದೆ ನಡೆಯಿರಿ.

ಕಾರು ಕಾರ್ಖಾನೆಯ ತೋಳು, ಮಾಂತ್ರಿಕರ ಕೋಟೆ

'ಹ್ಯಾರಿ ಪಾಟರ್ ಆ್ಯಂಡ್ ದ ಫರ್ಬಿಡನ್ ಜರ್ನಿ' ಮೊದಲು ತೆರೆದದ್ದು 2010ರಲ್ಲಿ, ಫ್ಲಾರಿಡಾದ ಒರ್ಲಾಂಡೊದಲ್ಲಿರುವ ಯೂನಿವರ್ಸಲ್‌ನಲ್ಲಿ. ಇಲ್ಲಿಗೆ, ಅಂದರೆ ಹಾಲಿವುಡ್‌ಗೆ, ಬಂದದ್ದು 2016ರಲ್ಲಿ. ನಿಮ್ಮ ಸೀಟು ಜರ್ಮನಿಯ ಕೂಕಾ ಕಂಪನಿಯ ರೋಬಾಟ್ ತೋಳಿನ ತುದಿಯಲ್ಲಿರುತ್ತದೆ. ಕಾರು ಕಾರ್ಖಾನೆಗಳಲ್ಲಿ ಕೆಲಸ ಮಾಡುವ ತೋಳುಗಳ ಬಳಗವೇ ಅದು. ಪರದೆಯ ಮುಂದೆ ಆ ತೋಳು ತಿರುಗಿಸುವ ರೀತಿಗೆ ಹಲವರಿಗೆ ತಲೆ ಸುತ್ತುತ್ತದೆ, ಹೊಟ್ಟೆ ತೊಳಸುತ್ತದೆ. ಊಟ ಮಾಡಿದ ಕೂಡಲೇ ಹತ್ತಬೇಡಿ. ನನ್ನ ಮಟ್ಟಿಗೆ ಸವಾರಿಗಿಂತ ಅದರ ಕ್ಯೂ ಚೆಂದ. ಮಾತಾಡುವ ಭಾವಚಿತ್ರಗಳನ್ನು ನೋಡುತ್ತ ಕೋಟೆಯೊಳಗೆ ನಡೆಯುವುದೇ ಒಂದು ಹಬ್ಬ.

ಪರದೆಯನ್ನು ಸೀಳಿ ಬಂದ ಬೈಕು

ಜೇಮ್ಸ್ ಕ್ಯಾಮರೂನ್ ಕೈಯಾಡಿಸಿದ್ದ 'ಟರ್ಮಿನೇಟರ್ 2 ತ್ರೀಡಿ' 1996ರಲ್ಲಿ ಒರ್ಲಾಂಡೊದಲ್ಲಿ ಶುರುವಾಯಿತು. ಪರದೆಯ ಮೇಲೆ ಕಂಡ ಮೋಟರ್ ಬೈಕು ಮರುಕ್ಷಣ ನಿಜವಾಗಿ ರಂಗದ ಮೇಲೆ ಬಂದು ನಿಲ್ಲುತ್ತಿತ್ತು! ಪರದೆಯೇ ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ. ಅದರ ಜೊತೆ ಜೀವಂತ ನಟ, ಕೈಗೆ ಸಿಗುವ ವಸ್ತು ಇರಬೇಕು. ಆ ಹದ ಬಲ್ಲ ಈ ಷೋ ಅಮೆರಿಕದ ಎರಡೂ ಉದ್ಯಾನಗಳಲ್ಲಿ ಈಗಿಲ್ಲ.

ಮೊದಲ ದಿನವೇ ಕೈಕೊಟ್ಟ ರೈಡುಗಳು

ಒರ್ಲಾಂಡೊ ಉದ್ಯಾನ ಬಾಗಿಲು ತೆರೆದದ್ದು 1990ರ ಜೂನ್ 7ರಂದು. ಅಂದು ಕಿಂಗ್ ಕಾಂಗ್, ಜಾಸ್, ಅರ್ತ್‌ಕ್ವೇಕ್ ಮೂರೂ ಕೆಟ್ಟು ನಿಂತವು. 'ಜಾಸ್' ಅನ್ನಂತೂ ಹೊಸದಾಗಿಯೇ ಕಟ್ಟಬೇಕಾಯಿತು. 1993ರಲ್ಲಿ ಮತ್ತೆ ತೆರೆದು, 2012ರ ಜನವರಿ 2ರವರೆಗೆ ಓಡಿತು. ಈಗ ಆ ಜಾಗದಲ್ಲಿ ಹ್ಯಾರಿ ಪಾಟರ್ ಕಥೆಯ 'ಡಯಾಗನ್ ಆಲಿ' ಇದೆ. ನಿಜವಾದ ಯಂತ್ರ ಕೆಡುತ್ತದೆ, ನಿಜ. ಆದರೆ ಜನ ನೆನಪಿಟ್ಟುಕೊಳ್ಳುವುದೂ ಅದನ್ನೇ.

ಹೆಸರು ಹಿಡಿದು ಬೀಳ್ಕೊಡುವ ಇ.ಟಿ.

ಆ ಮೊದಲ ದಿನದ ರೈಡುಗಳಲ್ಲಿ ಇಂದಿಗೂ ಉಳಿದಿರುವುದು 'ಇ.ಟಿ. ಅಡ್ವೆಂಚರ್'. ಹತ್ತುವ ಮುನ್ನ ನಿಮ್ಮ ಹೆಸರು ಕೇಳಿ ಒಂದು ಕಾರ್ಡ್ ಕೊಡುತ್ತಾರೆ. ಸೈಕಲ್ ಏರಿ ಕಾಡು, ಊರು, ನಕ್ಷತ್ರಗಳ ಮೇಲೆ ಹಾರಿ ಮರಳುವಾಗ ಇ.ಟಿ. ಒಬ್ಬೊಬ್ಬರ ಹೆಸರು ಹೇಳಿ ಬೀಳ್ಕೊಡುತ್ತದೆ. ಹಾಲಿವುಡ್‌ನಲ್ಲೂ ಇದು 2003ರವರೆಗೆ ಇತ್ತು, ತೆಗೆದು ಅಲ್ಲಿ ಮಮ್ಮಿಯನ್ನು ಕೂರಿಸಿದರು. ತಪ್ಪು ಮಾಡಿದರು ಎಂದೇ ನನ್ನ ಖಚಿತ ಅಭಿಪ್ರಾಯ. ಒರ್ಲಾಂಡೊಗೆ ಹೋದವರು ಮಕ್ಕಳಿಗೆ ಮೊದಲು ಇದನ್ನು ತೋರಿಸಿ.

ಯೂನಿವರ್ಸಲ್‌ನ ಮೈಸೂರು ಹುಡುಗ

ಕೊನೆಯದು, ನಮ್ಮ ನೆಲದ ಸಂಗತಿ. 1924ರಲ್ಲಿ ಮೈಸೂರು ಸೀಮೆಯ ಕಾರಾಪುರದಲ್ಲಿ ಮಾವುತರ ಮನೆಯಲ್ಲಿ ಹುಟ್ಟಿದ ಸಾಬು ದಸ್ತಗೀರ್, 1937ರ 'ಎಲಿಫೆಂಟ್ ಬಾಯ್' ಚಿತ್ರದಲ್ಲಿ ಆನೆಯೇರಿ ಲೋಕಪ್ರಸಿದ್ಧನಾದ. ಮುಂದೆ ಯೂನಿವರ್ಸಲ್ ಅವನನ್ನು ಸೇರಿಸಿಕೊಂಡಿತು. 1942ರಲ್ಲಿ ಬಂದ 'ಅರೇಬಿಯನ್ ನೈಟ್ಸ್' ಆ ಸಂಸ್ಥೆಯ ಮೊದಲ ಪೂರ್ಣ ಟೆಕ್ನಿಕಲರ್ ಚಿತ್ರ, ಅದರಲ್ಲಿ ಸಾಬು ಇದ್ದಾನೆ. ಆಮೇಲೆ 'ವೈಟ್ ಸ್ಯಾವೇಜ್', 'ಕೋಬ್ರಾ ವುಮನ್'. ಗ್ರಾಫಿಕ್ಸ್ ಇಲ್ಲದ ಕಾಲದಲ್ಲಿ ನಿಜವಾದ ಆನೆಯ ಮೇಲೆ ನಿಜವಾಗಿ ಕೂತು ಬೆಳೆದ ಹುಡುಗ ಅವನು. 1963ರ ಡಿಸೆಂಬರ್‌ನಲ್ಲಿ, 39ನೆಯ ವಯಸ್ಸಿನಲ್ಲಿ ತೀರಿಕೊಂಡ. ಟ್ರ್ಯಾಮ್ ಟೂರ್ ಶುರುವಾದದ್ದು ಅದರ ಮರುವರ್ಷ.

ಸ್ಟುಡಿಯೊದಿಂದ ಕೆಲವೇ ಕಿಲೋಮೀಟರ್ ದೂರದ ಫಾರೆಸ್ಟ್ ಲಾನ್ ಸ್ಮಶಾನದಲ್ಲಿ ಅವನ ಸಮಾಧಿಯಿದೆ. ಅಲ್ಲಿಗೆ ಹೋಗುವ ಕನ್ನಡಿಗರೇ, ಶಾರ್ಕ್ ಕಂಡು, ಭೂಕಂಪ ಕಂಡು ಹೊರಬಂದ ಮೇಲೆ ಅರ್ಧ ಗಂಟೆ ಬಿಡುವು ಮಾಡಿಕೊಂಡು ಕಾರಾಪುರದ ಹುಡುಗನಿಗೂ ಒಂದು ಹೂವು ಇಟ್ಟು ಬನ್ನಿ.