ತೆರೆದ ಕ್ವಾಂಟಮ್ ವ್ಯವಸ್ಥೆಗಳ ನಿಯಂತ್ರಣದಲ್ಲಿ ವಿಳಂಬಿತ ಹಿಮ್ಮಾಹಿತಿ

ತೆರೆದ ವ್ಯವಸ್ಥೆ ಎಂದರೇನು?
ಸುತ್ತಲಿನ ಪರಿಸರದೊಡನೆ ಶಕ್ತಿಯನ್ನು ವಿನಿಮಯ ಮಾಡಿಕೊಳ್ಳುವ ಕ್ವಾಂಟಮ್ ವ್ಯವಸ್ಥೆಯನ್ನು ತೆರೆದ ವ್ಯವಸ್ಥೆ ಎನ್ನಲಾಗುತ್ತದೆ. ಇದರ ಸ್ಥಿತಿಯು ಅಲ್ಪಕಾಲದಲ್ಲಿಯೇ ಕೆಡುತ್ತದೆ. ಆದುದರಿಂದ ಅಳತೆ ಮಾಡಿ, ಫಲಿತಾಂಶಕ್ಕೆ ಅನುಗುಣವಾಗಿ ಆಗಿಂದಾಗ್ಗೆ ತಿದ್ದಬೇಕಾಗುತ್ತದೆ. ಈ ಕ್ರಮಕ್ಕೆ ಹಿಮ್ಮಾಹಿತಿ, ಅಂದರೆ ಫೀಡ್‌ಬ್ಯಾಕ್ ನಿಯಂತ್ರಣವೆಂದು ಹೆಸರು.

ಪ್ಯಾರಿಸ್ ಪ್ರಯೋಗ
ಪ್ಯಾರಿಸ್‌ನ ಎಕೋಲ್ ನಾರ್ಮಾಲ್ ಸುಪೀರಿಯರ್ ಸಂಸ್ಥೆಯಲ್ಲಿ ಸೆರ್ಜ್ ಹರೋಷ್ ಅವರ ತಂಡವು 2011ರಲ್ಲಿ ಇಂತಹ ನಿಯಂತ್ರಣವನ್ನು ಸಾಧಿಸಿತು. ಹರೋಷ್ ಅವರು 2012ರ ಭೌತಶಾಸ್ತ್ರ ನೊಬೆಲ್ ಪ್ರಶಸ್ತಿಯನ್ನು ಡೇವಿಡ್ ವೈನ್‌ಲ್ಯಾಂಡ್ ಅವರೊಡನೆ ಹಂಚಿಕೊಂಡರು. ಈ ಪ್ರಯೋಗದಲ್ಲಿ 0.8 ಕೆಲ್ವಿನ್ ಉಷ್ಣತೆಗೆ ತಣಿಸಿದ ಎರಡು ನಿಯೋಬಿಯಮ್ ಕನ್ನಡಿಗಳ ನಡುವೆ ಮೈಕ್ರೋವೇವ್ ಫೋಟಾನ್‌ಗಳನ್ನು ಹಿಡಿದಿಡಲಾಗಿತ್ತು. ಒಂದು ಫೋಟಾನ್ ಅಲ್ಲಿ ಉಳಿಯುವ ಸರಾಸರಿ ಅವಧಿ 65 ಮಿಲಿಸೆಕೆಂಡು ಮಾತ್ರ. ಕನ್ನಡಿಗಳ ನಡುವೆ ಹಾದುಹೋಗುವ ರುಬಿಡಿಯಮ್ ಪರಮಾಣುಗಳು ಫೋಟಾನ್‌ಗಳ ಸಂಖ್ಯೆಯ ಸುಳಿವನ್ನು ಹೊತ್ತು ತರುತ್ತವೆ.

ವಿಳಂಬದಿಂದಾಗುವ ತೊಡಕು
ಪರಮಾಣು ಕನ್ನಡಿಗಳನ್ನು ದಾಟಿ ಪತ್ತೆಕಾರಕವನ್ನು ತಲುಪಲು ಕಾಲ ಹಿಡಿಯುತ್ತದೆ. ಅಷ್ಟರಲ್ಲಿ ಇತರ ಪರಮಾಣುಗಳೂ ಹಾದುಹೋಗಿ, ಒಳಗಿನ ಸ್ಥಿತಿಯು ಬದಲಾಗಿರುತ್ತದೆ. ನೀಡಿದ ಚೆಕ್ಕು ಇನ್ನೂ ನಗದಾಗದಿರುವಾಗ ಪಾಸ್‌ಬುಕ್ಕಿನ ಶಿಲ್ಕನ್ನೇ ನಂಬಿ ಮತ್ತೊಂದು ಚೆಕ್ಕು ಬರೆದರೆ ಅದು ಹಿಂದಿರುಗಬಹುದು. ಹಾಗೆಯೇ ಹಳೆಯ ಮಾಹಿತಿಯನ್ನೇ ನಂಬಿ ಮಾಡಿದ ತಿದ್ದುಪಡಿಯು ಸ್ಥಿತಿಯನ್ನು ಇನ್ನಷ್ಟು ಕೆಡಿಸಬಹುದು.

ಅನುಸರಿಸಿದ ಕ್ರಮ
1. ಪತ್ತೆಯಾದ ಪರಮಾಣುಗಳ ಫಲಿತಾಂಶದಿಂದ ಗಣಕವು ಸ್ಥಿತಿಯ ಅಂದಾಜನ್ನು ಪರಿಷ್ಕರಿಸುತ್ತದೆ.
2. ಹಾದುಹೋಗಿದ್ದರೂ ಇನ್ನೂ ಪತ್ತೆಯಾಗದ ಪರಮಾಣುಗಳ ಪರಿಣಾಮವನ್ನು, ಫೋಟಾನ್ ನಷ್ಟವನ್ನು ಹಾಗೂ ಈಗಾಗಲೇ ಮಾಡಿದ ತಿದ್ದುಪಡಿಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ.
3. ಆ ಲೆಕ್ಕದಂತೆ ಅಗತ್ಯವಿರುವಷ್ಟು ಮೈಕ್ರೋವೇವ್ ಸ್ಪಂದನವನ್ನು ಒಳಗೆ ಕಳುಹಿಸಲಾಗುತ್ತದೆ.

ಈ ಕ್ರಮವನ್ನು ನಿರಂತರವಾಗಿ ಪುನರಾವರ್ತಿಸಿ, ನಾಲ್ಕರವರೆಗಿನ ನಿಗದಿತ ಫೋಟಾನ್ ಸಂಖ್ಯೆಯ ಸ್ಥಿತಿಗಳನ್ನು ಸಿದ್ಧಪಡಿಸಲಾಯಿತು. ಫೋಟಾನ್ ನಷ್ಟವಾದಾಗ ಅದೇ ಸ್ಥಿತಿಯನ್ನು ಮರಳಿ ಸ್ಥಾಪಿಸಲೂ ಸಾಧ್ಯವಾಯಿತು.

ಮಿತಿ ಮತ್ತು ಮಹತ್ವ
ಲೆಕ್ಕವು ವಿಳಂಬದ ಹಾನಿಯನ್ನು ತಗ್ಗಿಸುತ್ತದೆಯೇ ಹೊರತು ವಿಳಂಬವನ್ನು ಇಲ್ಲವಾಗಿಸುವುದಿಲ್ಲ. ವಿಳಂಬವು ಸ್ಥಿತಿಯ ಆಯುಷ್ಯವನ್ನು ಸಮೀಪಿಸಿದರೆ ತಿದ್ದುಪಡಿಯು ನಿಷ್ಪ್ರಯೋಜಕವಾಗುತ್ತದೆ. ಕ್ವಾಂಟಮ್ ಗಣಕಗಳ ದೋಷ ತಿದ್ದುಪಡಿಗೂ ಇದೇ ನಿಯಮ ಅನ್ವಯಿಸುತ್ತದೆ. ದೋಷವನ್ನು ಗುರುತಿಸಿ ತಿದ್ದುವ ಕಾರ್ಯವು ಹೊಸ ದೋಷಗಳು ಸೇರುವುದಕ್ಕಿಂತ ಶೀಘ್ರವಾಗಿ ನಡೆದಲ್ಲಿ ಮಾತ್ರ ಅವುಗಳ ಲೆಕ್ಕಾಚಾರವು ವಿಶ್ವಾಸಾರ್ಹವಾಗಿರುತ್ತದೆ.