ಟಾರ್ಪಾಲ್ ಕಾವಿಗೆ ಬಟ್ಟೆ ಗುಡಾರದ ಉತ್ತರ: ಕೈಯಲ್ಲೇ ಹೊಲಿಯೋ ‘ಟೀಪಿ’ ಅಂದ್ರೆ ಏನು?

ವೈ.ಎನ್.ಹೊಸಕೋಟೆ: ಪಾವಗಡ, ಶಿರಾ, ಮಧುಗಿರಿ, ಕೊರಟಗೆರೆ ಕಡೆ ಓಡಾಡುವವರಿಗೆ ಊರ ಹೊರಗಿನ ಗುಡಾರಗಳು ಹೊಸದೇನಲ್ಲ. ನಾಲ್ಕು ಗಳ, ಮೇಲೊಂದು ನೀಲಿ ಟಾರ್ಪಾಲ್, ಅದು ಸಾಲದಿದ್ದರೆ ಯಾರದೋ ಹುಟ್ಟುಹಬ್ಬದ ಹಳೇ ಫ್ಲೆಕ್ಸ್, ಪಕ್ಕಕ್ಕೆ ಮರೆಯಾಗಿ ಒಂದು ಸೀರೆ. ಪಿನ್ನು, ಬಾಚಣಿಗೆ ಮಾರುವವರು, ಕೂದಲು ಕೊಳ್ಳುವವರು, ವೇಷ ಹಾಕಿ ಊರೂರು ಸುತ್ತುವವರು ಹೀಗೆ ಅಲೆಮಾರಿ ಕುಟುಂಬಗಳ ಅಡುಗೆ, ನಿದ್ದೆ, ಮಕ್ಕಳ ಓದು ಎಲ್ಲಾ ಅದರೊಳಗೇ. ಏಪ್ರಿಲ್ ತಿಂಗಳ ಮಧ್ಯಾಹ್ನ ಆ ಟಾರ್ಪಾಲ್ ಕೆಳಗೆ ಹತ್ತು ನಿಮಿಷ ಕೂತು ನೋಡಿ, ಹೊರಗಿನ ಬೇವಿನ ಮರವೇ ವಾಸಿ ಅನ್ನಿಸುತ್ತೆ.

ಇನ್ನೊಂದು ಕಡೆ, ವಾರದ ಕೊನೆಗೆ ಬೆಟ್ಟ ಹತ್ತೋಕೆ ಅಂತ ಬೆಂಗಳೂರಿನಿಂದ ಬರೋ ಹುಡುಗರ ಬೆನ್ನ ಚೀಲದಲ್ಲಿ ನೈಲಾನ್ ಟೆಂಟ್ ಇರುತ್ತೆ. ಒಂದು ರಾತ್ರಿಗೆ ಅದು ಸಾಕು. ಆದರೆ ತಿಂಗಳುಗಟ್ಟಲೆ ಇರೋಕೆ? ಬಿಸಿಲು, ಆಷಾಢದ ಗಾಳಿ, ಹಿಂಗಾರು ಮಳೆ ಮೂರನ್ನೂ ತಡೆಯೋಕೆ? ಈ ಪ್ರಶ್ನೆಗೆ ಹಳೆಯದೊಂದು ಉತ್ತರ ಇದೆ: ದಪ್ಪ ಹತ್ತಿ ಬಟ್ಟೆಯ, ಶಂಕುವಿನ ಆಕಾರದ ಗುಡಾರ. ಇಂಥ ಗುಡಾರಕ್ಕೆ ಹೊರಗಿನವರು ಹೇಳೋ ಹೆಸರು ‘ಟೀಪಿ’.

ಎಲ್ಲಿಂದ ಬಂತು?

ಟೀಪಿ ಉತ್ತರ ಅಮೆರಿಕದ ಬಯಲು ಸೀಮೆಯ ಮೂಲನಿವಾಸಿಗಳ ಮನೆ. ಹೆಸರು ಬಂದಿದ್ದು ಲಕೋಟಾ ಜನರ ಭಾಷೆಯ, ‘ವಾಸಿಸು’ ಅನ್ನೋ ಅರ್ಥದ ಮಾತಿನಿಂದ. ಕಾಡೆಮ್ಮೆ ಹಿಂಡಿನ ಹಿಂದೆ ಅಲೆಯುತ್ತಿದ್ದ ಅವರಿಗೆ ಬೇಗ ಕಟ್ಟಿ ಬೇಗ ಬಿಚ್ಚೋ ಮನೆ ಬೇಕಿತ್ತು. ಮೊದಲು ಹೊದಿಕೆ ಕಾಡೆಮ್ಮೆ ಚರ್ಮದ್ದು. 1870-80ರ ದಶಕಗಳಲ್ಲಿ ಬೇಟೆಗಾರರು ಆ ಹಿಂಡುಗಳನ್ನು ಹೆಚ್ಚುಕಡಿಮೆ ಮುಗಿಸಿಬಿಟ್ಟ ಮೇಲೆ ಚರ್ಮದ ಜಾಗಕ್ಕೆ ಪೂರ್ತಿಯಾಗಿ ಕ್ಯಾನ್ವಾಸ್ ಬಂತು. ಹೊಲಿಯೋದು, ಎತ್ತಿ ನಿಲ್ಲಿಸೋದು ಹೆಂಗಸರ ಕೆಲಸ. ಮನೆಯ ಒಡೆತನವೂ ಅವರದೇ.

ನಮ್ಮ ಕಡೆಗೂ ಈ ವಿದ್ಯೆ ತೀರಾ ಹೊರಗಿನದಲ್ಲ. ಮಳೆ ಬಂದಾಗ ಕುರಿಗಾಹಿಗಳು ಕಂಬಳಿಯನ್ನು ಕೊಪ್ಪೆ ಮಾಡಿ ತಲೆ ಮೇಲೆ ಹಾಕ್ಕೊಳ್ಳೋದು ನೋಡಿರ್ತೀರಿ. ಅದೂ ಶಂಕುವೇ; ನೀರು ನಿಲ್ಲದೆ ಜಾರಿಹೋಗುತ್ತೆ. ಇನ್ನು ಕ್ಯಾನ್ವಾಸ್ ಅಂದ್ರೆ ಹಳಬರಿಗೆ ನೆನಪಾಗೋದು ಟೂರಿಂಗ್ ಟಾಕೀಸ್ ಮತ್ತು ನಾಟಕ ಕಂಪನಿಗಳ ಡೇರೆ. 1884ರಲ್ಲಿ ಶುರುವಾದ ಗುಬ್ಬಿ ಕಂಪನಿ ಇದೇ ತುಮಕೂರು ಜಿಲ್ಲೆಯದು.

ಬಟ್ಟೆ ಯಾಕೆ ಸೋರಲ್ಲ?

ಹತ್ತಿ ನೂಲು ನೀರು ಕುಡಿದರೆ ಊದಿಕೊಳ್ಳುತ್ತೆ. ಒತ್ತಾಗಿ ನೇಯ್ದ ಕ್ಯಾನ್ವಾಸ್ ನೆನೆದಾಗ ಎಳೆಗಳ ನಡುವಿನ ಸಂದು ತಾನಾಗೇ ಮುಚ್ಚಿಕೊಳ್ಳುತ್ತೆ. ಹಾಗಾಗಿ ಹೊಸ ಗುಡಾರವನ್ನು ಒಂದೆರಡು ಸಲ ನೀರು ಹಾಕಿ ನೆನೆಸಿ ಒಣಗಿಸಬೇಕು. ಮಳೆ ಬರುವಾಗ ಒಳಗಿಂದ ಬಟ್ಟೆಗೆ ಬೆರಳು ತಾಗಿಸಬಾರದು, ಮುಟ್ಟಿದ ಜಾಗದಲ್ಲೇ ಹನಿಯೋಕೆ ಶುರುವಾಗುತ್ತೆ. ಇನ್ನೂ ಭದ್ರ ಬೇಕಾದರೆ ಹಳೇ ಉಪಾಯ ಒಂದಿದೆ: ಬಟ್ಟೆಯನ್ನು ಮೊದಲು ಸೋಪಿನ ನೀರಲ್ಲಿ, ಆಮೇಲೆ ಪಟಿಕದ ನೀರಲ್ಲಿ ಅದ್ದಿ ಒಣಗಿಸೋದು. ಎರಡೂ ಸೇರಿ ನೂಲಿನ ಮೇಲೆ ನೀರು ಹತ್ತದ ಪದರ ಕಟ್ಟುತ್ತೆ.

ಪ್ಲಾಸ್ಟಿಕ್ ಟಾರ್ಪಾಲ್ ನೀರು ತಡೆಯುತ್ತೆ, ನಿಜ. ಜೊತೆಗೆ ಗಾಳಿಯನ್ನೂ ತಡೆಯುತ್ತೆ. ಹಗಲು ಕಾವು ಒಳಗೇ ಉಳಿಯುತ್ತೆ, ಬೆಳಗಿನ ಜಾವ ಉಸಿರಿನ ಆವಿ ಹನಿಯಾಗಿ ಹಾಸಿಗೆ ಮೇಲೆ ಬೀಳುತ್ತೆ. ಬಿಸಿಲಿಗೆ ಬೇಗ ಪುಡಿಪುಡಿಯಾಗುತ್ತೆ. ಬೆಂಕಿ ತಾಗಿದರೆ ಕರಗಿ ಮೈಮೇಲೆ ತೊಟ್ಟಿಕ್ಕುತ್ತೆ, ಇದು ಎಲ್ಲಕ್ಕಿಂತ ಅಪಾಯ. ಹತ್ತಿ ಹಾಗೆ ಕರಗಲ್ಲ, ಆದರೆ ಉರಿಯುತ್ತೆ; ಮೇಣ ಹಚ್ಚಿದ ಬಟ್ಟೆಯಂತೂ ಇನ್ನೂ ಜೋರಾಗಿ ಉರಿಯುತ್ತೆ ಅನ್ನೋದನ್ನ ಮರೆಯಬಾರದು.

ಲೆಕ್ಕ ಸುಲಭ

ಟೀಪಿಯ ಹೊದಿಕೆ ಅಂದ್ರೆ ಅರ್ಧ ವೃತ್ತ. 12 ಅಡಿ ಉದ್ದದ ಹಗ್ಗಕ್ಕೆ ಸೀಮೆಸುಣ್ಣ ಕಟ್ಟಿ, ಬಟ್ಟೆ ಮೇಲೆ ಅರ್ಧ ಸುತ್ತು ಎಳೆದರೆ ಅಳತೆ ಸಿದ್ಧ. ಅದನ್ನು ಸುತ್ತಿ ನಿಲ್ಲಿಸಿದರೆ ಬುಡದ ಅಗಲ 12 ಅಡಿ, ಎತ್ತರ ಸುಮಾರು 10 ಅಡಿ 4 ಇಂಚು. ಒಳಗೆ ಸುಮಾರು 113 ಚದರ ಅಡಿ ನೆಲ ಸಿಗುತ್ತೆ. ಹೊಲಿಗೆ ಮಡಿಕೆ ಬಿಟ್ಟು ಬೇಕಾಗೋ ಬಟ್ಟೆ ಸುಮಾರು 226 ಚದರ ಅಡಿ, ಅಂದ್ರೆ 21 ಚದರ ಮೀಟರ್. ಚದರ ಮೀಟರಿಗೆ 350 ಗ್ರಾಂ ತೂಗೋ ಕ್ಯಾನ್ವಾಸ್ ಆದರೆ ಹೊದಿಕೆಯ ತೂಕ ಏಳೆಂಟು ಕೆ.ಜಿ. ಅಂಗಡಿಯಲ್ಲಿ ಮೀಟರಿನ ದರ ಕೇಳಿದರೆ ಖರ್ಚು ಎಷ್ಟು ಅಂತ ಯಾರು ಬೇಕಾದರೂ ಲೆಕ್ಕ ಹಾಕಬಹುದು.

ಮನೆಯ ಹೊಲಿಗೆ ಮಿಷನ್ನು ಇಷ್ಟು ದಪ್ಪದ ಬಟ್ಟೆಗೆ ತಿಣುಕುತ್ತೆ. ಲಾರಿ ಟಾರ್ಪಾಲ್, ಶಾಮಿಯಾನ ಹೊಲಿಯುವವರ ಮಿಷನ್ನೇ ಬೇಕು. ಪಟ್ಟಿಗಳನ್ನು ಜೋಡಿಸುವಾಗ ಅಂಚಿನೊಳಗೆ ಅಂಚು ಮಡಿಚಿ ಎರಡು ಸಾಲು ಹೊಲಿಗೆ ಹಾಕಬೇಕು. ಮೇಲಿನ ಪಟ್ಟಿ ಕೆಳಗಿನ ಪಟ್ಟಿಯ ಮೇಲೆ ಬರಬೇಕು, ಮನೆಗೆ ಹಂಚು ಹೊದಿಸಿದ ಹಾಗೆ. ತಿರುಗಾಮುರುಗಾ ಆದರೆ ಹೊಲಿಗೆಯೇ ನೀರಿಗೆ ದಾರಿ.

ನಿಲ್ಲಿಸೋದು ಹೇಗೆ?

ಗಳಕ್ಕೆ ಸರ್ವೆ, ನೀಲಗಿರಿ, ಬಿದಿರು ಯಾವುದಾದರೂ ಆಗುತ್ತೆ. ನೆಟ್ಟಗಿರಬೇಕು, ತೊಗಟೆ ತೆಗೆದು ನಯ ಮಾಡಿರಬೇಕು. ಗಂಟು ಉಳಿದರೆ ಮಳೆ ನೀರು ಗಳದ ಮೇಲೆ ಇಳಿಯುತ್ತಾ ಗಂಟಿನ ಹತ್ರ ತೊಟ್ಟಿಕ್ಕುತ್ತೆ. 12 ಅಡಿ ಬಟ್ಟೆಗೆ 14-15 ಅಡಿಯ ಹತ್ತು ಹನ್ನೆರಡು ಗಳ ಸಾಕು. ಮೊದಲು ಮೂರು ಗಳ ತುದಿಯಲ್ಲಿ ಬಿಗಿದು ಮುಕ್ಕಾಲಿ ಹಾಗೆ ನಿಲ್ಲಿಸಬೇಕು. ಉಳಿದವನ್ನು ಅದರ ಕವೆಗೆ ಒರಗಿಸುತ್ತಾ ಹೋಗಬೇಕು. ಕೊನೇ ಗಳಕ್ಕೆ ಬಟ್ಟೆ ಕಟ್ಟಿ ಎತ್ತಿ, ಎರಡೂ ಕಡೆಯಿಂದ ಸುತ್ತಿ, ಮುಂದೆ ಕಡ್ಡಿ ಚುಚ್ಚಿ ಕೂಡಿಸಬೇಕು. ಮೇಲಿನ ಗಂಟಿನಿಂದ ಹಗ್ಗ ಇಳಿಬಿಟ್ಟು ನಡುವೆ ಗೂಟಕ್ಕೆ ಬಿಗಿದರೆ ಗಾಳಿಗೆ ಏಳಲ್ಲ.

ತುದಿಯಲ್ಲಿ ಬಿಟ್ಟ ಬಾಯಿಯೇ ಟೀಪಿಯ ಗುಟ್ಟು. ಬಿಸಿ ಗಾಳಿ ಅಲ್ಲಿಂದ ಹೊರಗೆ ಹೋಗುತ್ತೆ. ಬೇಸಿಗೆಯಲ್ಲಿ ಬುಡದ ಬಟ್ಟೆಯನ್ನು ಒಂದು ಮೊಳ ಮೇಲಕ್ಕೆ ಮಡಿಚಿದರೆ ಕೆಳಗಿಂದ ತಂಗಾಳಿ ಬರುತ್ತೆ. ಆ ಬಾಯಿಗೆ ಎರಡು ಕಿವಿ ಇರ್ತಾವೆ. ಹೊರಗಿನ ಇನ್ನೆರಡು ಗಳದಿಂದ ಅವನ್ನು ಗಾಳಿ ಬೀಸೋ ದಿಕ್ಕು ನೋಡಿ ತಿರುಗಿಸಬಹುದು, ಮಳೆ ಬಂದರೆ ಮುಚ್ಚಬಹುದು.

ಬಾಗಿಲು ಪೂರ್ವಕ್ಕಿರಲಿ. ಅಮೆರಿಕದ ಬಯಲಲ್ಲೂ ಅದೇ ಪದ್ಧತಿ. ನಮ್ಮಲ್ಲಿ ಆಷಾಢದ ಗಾಳಿ ಪಡುವಣ ದಿಕ್ಕಿನಿಂದಲೇ ಬೀಸೋದು, ಆಗ ಬೆನ್ನು ಗಾಳಿಗೆ, ಮುಖ ಹೊತ್ತು ಹುಟ್ಟೋ ಕಡೆಗೆ. ಹಿಂಗಾರು ಮಳೆ ಮಾತ್ರ ಮೂಡಣದಿಂದ ಹೊಡೆಯುತ್ತೆ, ಆಗ ಬಾಗಿಲಿಗೆ ಪರದೆ ಬೇಕೇ ಬೇಕು. ನೀರು ನಿಲ್ಲೋ ತಗ್ಗಿನಲ್ಲಿ, ಹಳ್ಳದ ಪಾತ್ರದಲ್ಲಿ ಗುಡಾರ ಹಾಕಲೇಬಾರದು. ಸುತ್ತ ಗೇಣುದ್ದದ ಕಾಲುವೆ ತೋಡಿದರೆ ಒಳಗೆ ನೀರು ನುಗ್ಗಲ್ಲ.

ಎಚ್ಚರ ತಪ್ಪಬಾರದ ಮಾತು

ಒದ್ದೆ ಬಟ್ಟೆ ಮಡಿಚಿಟ್ಟರೆ ಎರಡು ಮೂರು ದಿನಕ್ಕೇ ಬೂಷ್ಟು ಹಿಡಿಯುತ್ತೆ, ಆಮೇಲೆ ಹರಿಯೋದೇ. ಎಷ್ಟೇ ಅವಸರ ಇದ್ದರೂ ಒಣಗಿಸಿಯೇ ಮಡಿಚಬೇಕು. ಅಡುಗೆ ಹೊರಗೆ ಮಾಡಿ. ಬಾಯಿ ಮುಚ್ಚಿದ ಗುಡಾರದೊಳಗೆ ಇದ್ದಿಲ ಕೆಂಡ ಇಟ್ಟುಕೊಂಡು ಮಲಗಿದರೆ ವಾಸನೆಯೇ ಇಲ್ಲದ ವಿಷಗಾಳಿ ನಿದ್ದೆಯಲ್ಲೇ ಜೀವ ತೆಗೆಯುತ್ತೆ.

ಬೆಟ್ಟ, ಕಾಡಿನಲ್ಲಿ ಕ್ಯಾಂಪ್ ಮಾಡುವವರು ಮೊದಲು ಅನುಮತಿ ಕೇಳಬೇಕು. ಮಧುಗಿರಿಯದು ಕೋಟೆ ಇರೋ ಬೆಟ್ಟ. ಮೈದನಹಳ್ಳಿಯ ಜಯಮಂಗಲಿ ಮೀಸಲು ಕೃಷ್ಣಮೃಗಗಳ ಜಾಗ. ಎಲ್ಲೆಂದರಲ್ಲಿ ಗೂಟ ಹೊಡೆದು ಬೆಂಕಿ ಹಾಕೋ ಹಾಗಿಲ್ಲ.

ಗುಡಾರ ಮನೆ ಆಗಲ್ಲ

ಎಷ್ಟು ಚೆನ್ನಾಗಿ ಹೊಲಿದರೂ ಗುಡಾರಕ್ಕೆ ಒಂದು ಮಿತಿ ಇದೆ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಸೂತಕದ ಹೆಸರಲ್ಲಿ ಬಾಣಂತಿಯನ್ನೂ ಹಸುಗೂಸನ್ನೂ ಊರ ಹೊರಗಿನ ಗುಡಿಸಲಿನಲ್ಲಿ ಇಟ್ಟಿದ್ದರು. ಮಳೆ, ಚಳಿಗೆ ಕೂಸು ಕಾಯಿಲೆ ಬಿದ್ದು ತೀರಿಕೊಂಡಿತು. ಅಲ್ಲಿ ಬೇಕಿದ್ದದ್ದು ಒಳ್ಳೇ ಬಟ್ಟೆಯ ಗುಡಾರವಲ್ಲ, ಮನೆಯೊಳಗೆ ಒಂದು ಮೂಲೆ. ಬಾಣಂತಿ, ಹಸುಗೂಸು, ಕಾಯಿಲೆಯವರನ್ನು ಯಾವ ಗುಡಾರದಲ್ಲೂ ಇಡಬಾರದು.

ಅಲೆಮಾರಿಗಳ ವಿಷಯಕ್ಕೂ ಇದೇ ಮಾತು. ಅಲೆಮಾರಿ, ಅರೆ ಅಲೆಮಾರಿ ಸಮುದಾಯಗಳಿಗೆ ಕೇಂದ್ರ ಸರ್ಕಾರ 2022ರ ಫೆಬ್ರವರಿಯಲ್ಲಿ ಶುರು ಮಾಡಿದ ‘ಸೀಡ್’ ಯೋಜನೆಯಲ್ಲಿ ಶಿಕ್ಷಣ, ಆರೋಗ್ಯ ವಿಮೆ, ಜೀವನೋಪಾಯದ ಜೊತೆ ಮನೆ ಕಟ್ಟಿಕೊಳ್ಳೋ ನೆರವೂ ಸೇರಿದೆ. ಆದರೆ ಮನೆ ಕಟ್ಟೋಕೆ ನಿವೇಶನ ಬೇಕು. ಅರ್ಜಿ ಹಾಕೋಕೆ ಜಾತಿ ಪ್ರಮಾಣಪತ್ರ, ಆಧಾರ್, ವಿಳಾಸ ಬೇಕು. ವಿಳಾಸವೇ ಇಲ್ಲದ ಗುಡಾರದವರು ಮುಗ್ಗರಿಸೋದು ಇಲ್ಲೇ. ಈ ಕಾಗದಪತ್ರ ಮಾಡಿಸೋಕೆ ಗ್ರಾಮ ಪಂಚಾಯಿತಿಯಲ್ಲಿ, ನಾಡಕಚೇರಿಯಲ್ಲಿ ಓದು ಬಲ್ಲ ಒಬ್ಬರು ಅವರ ಜೊತೆ ನಿಂತರೂ ಅರ್ಧ ಕೆಲಸ ಆದಂತೆ.

ಅಲ್ಲಿಯವರೆಗೆ ಬಿಸಿಲಂತೂ ಕಾಯಲ್ಲ. ಊರಿನ ಸಂಘ, ದಾನಿಗಳು ಮುಂದಿನ ಸಲ ಟಾರ್ಪಾಲ್ ಹಂಚೋಕೆ ಹೊರಟಾಗ ದಪ್ಪ ಬಟ್ಟೆ, ನೆಟ್ಟನೆ ಗಳ, ಒಂದು ದಿನದ ಹೊಲಿಗೆ ಕೂಲಿ ಲೆಕ್ಕ ಹಾಕಿ ನೋಡಬಹುದು. ಆ ನೆರಳಿನಲ್ಲಿ ಮಧ್ಯಾಹ್ನ ಮಗು ಮಲಗೋದಾದರೂ ಆಗುತ್ತೆ.